ಘಟ್ಟದ ಕಣಿವೆಗಳೂ ಪ್ರವಾಸಿಗಳ ಹೊಣೆಯೂ

ಮಳೆಗಾಲವು ಹಿಂದೆಗೆಯುತ್ತಿರುವುದು. ನವರಾತ್ರಿಯ ರಜೆಯೂ ಅದರ ಬೆನ್ನಿಗೆ ದೀಪಾವಳಿಯ ರಜೆಯೂ ಬರಲಿರುವುವು. ಈ ದಿನಗಳಲ್ಲಿ ಪಡೀಲಿನ ಕೂಡುರಸ್ತೆಯನ್ನು ದಾಟಿ ಮೂಡಣ ದಿಕ್ಕಿಗೆ ಸಾಗುವ ವಾಹನಗಳ ಸಾಲನ್ನು ಕಂಡವರಿಗೆ, ಘಟ್ಟದ ಕಣಿವೆಗಳನ್ನು ನೋಡಿ ಬರಬೇಕೆಂಬ ಹಂಬಲವು ನಮ್ಮ ಊರಿನವರಲ್ಲಿ ಎಷ್ಟು ಬಲಿತಿದೆಯೆಂಬುದನ್ನು ವಿವರಿಸಬೇಕಾದುದಿಲ್ಲ. ಇದು ಸಂತೋಷದ ಸಂಗತಿಯೇ ಸರಿ. ತನ್ನ ನಾಡನ್ನು ಕಣ್ಣಾರೆ ಕಾಣದವನು ಅದರ ಹೆಸರನ್ನು ಎಷ್ಟು ಸಲ ಜಪಿಸಿದರೂ ಫಲವಿಲ್ಲ. ಆದರೆ ನೋಡುವುದು ಬೇರೆ, ನೋಡಿದೆನೆಂದು ಹೇಳಿಕೊಳ್ಳುವುದು ಬೇರೆ. ಚಾರ್ಮಾಡಿಯ ತಿರುವಿನಲ್ಲಿ ವಾಹನವನ್ನು ನಿಲ್ಲಿಸಿ, ಕಣಿವೆಗೆ ಬೆನ್ನು ಕೊಟ್ಟು ನಿಂತು, ಮೊಬೈಲಿನಲ್ಲಿ ತಮ್ಮ ಮುಖದ ಚಿತ್ರವನ್ನೇ ತೆಗೆದುಕೊಂಡು, ತಿಂದುಳಿದ ಪೊಟ್ಟಣವನ್ನು ಅಲ್ಲಿಯೇ ಬಿಸುಟು ಮರಳುವವರು ಏನನ್ನು ಕಂಡಂತಾಯಿತು? ಈ ಪ್ರಶ್ನೆಯನ್ನು ರಜೆಯ ಸಂಭ್ರಮಕ್ಕೆ ಮುಂಚಿತವಾಗಿಯೇ ನಮ್ಮ ವಾಚಕರ ಮುಂದಿಡುವುದು ಕರ್ತವ್ಯವೆಂದು ನಾವು ಭಾವಿಸುತ್ತೇವೆ.

ಘಟ್ಟವು ಕರಾವಳಿಯವರಾದ ನಮಗೆ ದೂರದ ವಸ್ತುವಲ್ಲ. ಸಮುದ್ರದ ಕಡೆಯಿಂದ ಬರುವವರ ಕಣ್ಣಿಗೆ ಕುದುರೆಯ ಮೋರೆಯಂತೆ ತೋರಿದುದರಿಂದಲೇ ಸುಮಾರು 1,890 ಮೀಟರು ಎತ್ತರದ ಶಿಖರವೊಂದಕ್ಕೆ ಕುದುರೆಮುಖವೆಂದು ಹೆಸರಾಯಿತು. ನಮ್ಮ ದಿನಬಳಕೆಯ ಮಾತಿನಲ್ಲಿ ನಾಡೆಂಬುದು ಎರಡೇ ಪಾಲು: ಘಟ್ಟದ ಮೇಲೆ, ಘಟ್ಟದ ಕೆಳಗೆ. ಬಡಗಣಿಂದ ಎಣಿಸಿದರೆ ಆಗುಂಬೆ, ಕುದುರೆಮುಖದ ತಪ್ಪಲಿನ ಮಾಳ, ಚಾರ್ಮಾಡಿ, ಶಿರಾಡಿ, ಬಿಸಿಲೆ, ಸಂಪಾಜೆ, ಇಷ್ಟು ದಾರಿಗಳು ಈ ಎರಡು ಪಾಲುಗಳನ್ನು ಹೊಲಿದಿರುವುವು. ಇಂಥ ದಾರಿಗಳಲ್ಲಿಯೇ ಕರಾವಳಿಯ ಉಪ್ಪೂ ಒಣಮೀನೂ ಮೇಲೇರಿದುವು. ಬಾಸೆಲ್ ಮಿಷನಿನವರು 1865ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆಯನ್ನು ತೆರೆದ ಮೇಲೆ ಮಂಗಳೂರಿನ ಹಂಚು ಮೇಲೇರಿ ಮಲೆನಾಡಿನ ಮನೆಗಳ ಮಾಡಾಯಿತು. ಮಲೆನಾಡಿನ ಕಾಫಿಯು ಕೆಳಗಿಳಿದು ನಮ್ಮ ಬಂದರನ್ನು ಸೇರಿತು. ಇಂದಿಗೂ ಚಿಕ್ಕಮಗಳೂರು, ಕೊಡಗುಗಳ ರೋಗಿಗಳು ಮಂಗಳೂರಿನ ಆಸ್ಪತ್ರೆಗಳಿಗೆ ಬರುವುದು ಈ ತಿರುವುಗಳನ್ನು ಇಳಿದೇ. ಮೇಲಿನವರು ಕೆಳಗಿನವರನ್ನು, ಕೆಳಗಿನವರು ಮೇಲಿನವರನ್ನು ಬಿಟ್ಟು ಬಾಳಿದ ಕಾಲವೇ ಇಲ್ಲ.

ಹೀಗೆ ಜನರು ಕೂಡಿಕೊಂಡಿದ್ದರೂ ಸರಕಾರಗಳು ಅವರನ್ನು ಅಗಲಿಸಿದುವು. 1799ರಲ್ಲಿ ಟಿಪ್ಪುವು ಮಡಿದ ಮೇಲೆ ಕರಾವಳಿಯ ಸೀಮೆಯು ಕಂಪೆನಿಯ ಕೈ ಸೇರಿತು. ಘಟ್ಟದ ಮೇಲಣ ಸೀಮೆಯು ಮೈಸೂರಿನ ಅರಸರಿಗೆ ಉಳಿಯಿತು. 1834ರಲ್ಲಿ ಕೊಡಗನ್ನೂ ಕಂಪೆನಿಯು ನುಂಗಿತು. ಅಮರ ಸುಳ್ಯ ಮೊದಲಾದ ಕೆಳಘಟ್ಟದ ಭಾಗಗಳನ್ನು ಕೊಡಗಿನಿಂದ ಕಡಿದು ಮಂಗಳೂರಿನ ಜಿಲ್ಲೆಗೆ ಅಂಟಿಸಲಾಯಿತು. ಹೊಸ ಆಳಿಕೆಯನ್ನು ಒಲ್ಲದ ಆ ಸೀಮೆಯ ಜನರು 1837ರಲ್ಲಿ ದಂಡು ಕಟ್ಟಿ ಇಳಿದು ಬಂದು ಮಂಗಳೂರನ್ನು ಕೆಲವು ದಿನ ಹಿಡಿದಿದ್ದರೆಂಬುದು ನಮ್ಮ ಬಾವುಟಗುಡ್ಡೆಯ ಹೆಮ್ಮೆಯ ಇತಿಹಾಸ. ಅವರ ಮುಂದಾಳು ಕೆದಂಬಾಡಿ ರಾಮಯ್ಯಗೌಡರ ಪ್ರತಿಮೆಯು 2022ರಲ್ಲಿ ಅಲ್ಲಿ ನಿಂತಿತು. ತರುವಾಯ 1862ರಲ್ಲಿ ಕನ್ನಡ ಜಿಲ್ಲೆಯ ಬಡಗಣ ಅರ್ಧವು ಮುಂಬಯಿ ಪ್ರಾಂತಕ್ಕೆ ಹೋಯಿತು. ತೆಂಕಣ ಅರ್ಧವು ಮದರಾಸಿನಲ್ಲಿಯೇ ಉಳಿಯಿತು.

ಇದರಿಂದ ಪ್ರವಾಸಿಗೆ ಒದಗಿದ ಸೋಜಿಗವನ್ನು ನೋಡಿರಿ. ಚಾರ್ಮಾಡಿಯ ಬುಡವು ಮದರಾಸು, ನೆತ್ತಿಯು ಮೈಸೂರು. ಸಂಪಾಜೆಯ ಬುಡವು ಮದರಾಸು, ನೆತ್ತಿಯು ಕೊಡಗು. ಜೋಗದ ಶರಾವತಿಯಂತೂ ಒಂದು ದಡವನ್ನು ಮೈಸೂರಿಗೂ ಇನ್ನೊಂದನ್ನು ಮುಂಬಯಿಗೂ ಬಿಟ್ಟುಕೊಟ್ಟು ಧುಮುಕುತ್ತಿತ್ತು. ಒಂದೇ ಕಮರಿಯ ಈಚೆಗೆ ನಿಂತವನು ಒಂದು ಸರಕಾರದ ಪ್ರಜೆ, ಆಚೆಗೆ ನಿಂತವನು ಮತ್ತೊಂದರ ಪ್ರಜೆ. ಇಬ್ಬರ ಬಾಯಲ್ಲಿಯೂ ಕನ್ನಡ, ಇಬ್ಬರ ಮೈಮೇಲೆಯೂ ಅದೇ ನೀರಿನ ತುಂತುರು! ಇಂಥ ಕಾಲದಲ್ಲಿಯೂ ನಮ್ಮ ಹಿರಿಯರು ಘಟ್ಟವನ್ನು ಗೋಡೆಯೆಂದು ಒಪ್ಪಲಿಲ್ಲ. ಬಂಟವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದು ಕೊಡಗಿಗೆ ‘ಹುತ್ತರಿ ಹಾಡ’ನ್ನು ಕೊಟ್ಟರು. ಶಿವರಾಮ ಕಾರಂತರು ಕುಮಾರಪರ್ವತದ ತಪ್ಪಲಿನ ಕಾಡುಬಾಳನ್ನು 1943ರಲ್ಲಿ ‘ಬೆಟ್ಟದ ಜೀವ’ವಾಗಿಸಿದರು. ನಕ್ಷೆಯು ಒಂದಾಗುವುದಕ್ಕೆ ಮುಂಚೆಯೇ ಮನಸ್ಸು ಒಂದಾಗಿತ್ತೆಂಬುದಕ್ಕೆ ಇವೇ ಪ್ರಮಾಣಗಳು. 1956ರ ನವೆಂಬರ್ 1ರಂದು ನಕ್ಷೆಯೂ ಒಂದಾಯಿತು. ಅಂದಿನಿಂದ ಚಾರ್ಮಾಡಿಯ ನೆತ್ತಿಗೆ ಏರುವ ಮಂಗಳೂರಿನವನು ಪರನಾಡಿಗೆ ಹೋಗುತ್ತಿಲ್ಲ. ತನ್ನ ಮನೆಯ ಅಟ್ಟಕ್ಕೆ ಹತ್ತುತ್ತಿದ್ದಾನೆ.

ಮನೆಯ ಅಟ್ಟಕ್ಕೆ ಹತ್ತಿದವನು ಅಲ್ಲಿ ಏನೇನು ಇದೆಯೆಂದು ತಿಳಿದುಕೊಳ್ಳಬೇಡವೆ? ಉಜಿರೆ, ಮುಂಡಾಜೆಗಳನ್ನು ದಾಟಿ ಚಾರ್ಮಾಡಿಯ ಏರು ತೊಡಗುತ್ತಲೇ ತೆಂಗು ಕಂಗುಗಳು ಹಿಂದುಳಿದು, ಬಿಸಿಲು ನೆಲ ಮುಟ್ಟದ ನಿತ್ಯಹಸುರಿನ ಕಾಡು ಎದುರಾಗುವುದು. ಇನ್ನೂ ಮೇಲೆ ಹೋದಂತೆ ಮರಗಳು ಕಣಿವೆಯ ಮಡಿಲಿಗೆ ಸರಿದು, ಗುಡ್ಡದ ಬೆನ್ನುಗಳು ಹುಲ್ಲಿನಿಂದ ಹೊಳೆಯುವುವು. ಮಡಿಲಲ್ಲಿ ಶೋಲೆಯ ಕಾಡು, ಬೆನ್ನಿನಲ್ಲಿ ಹುಲ್ಲು, ಈ ಜೋಡಣೆಯು ಎತ್ತರದ ಘಟ್ಟದ ವಿಶೇಷ ಲಕ್ಷಣ. ಮಳೆ ಬಿಟ್ಟ ಹೊಸತರಲ್ಲಿ ಪ್ರತಿಯೊಂದು ತಿರುವಿನಲ್ಲಿಯೂ ಒಂದೊಂದು ನೀರಿನ ಎಳೆಯು ಬಂಡೆಯ ಮೇಲೆ ಜಾರುತ್ತಿರುವುದು. ತುಳುವರು ಇದನ್ನು ‘ಅರ್ಬಿ’ ಎನ್ನುವರು. ಘಟ್ಟದ ಮೇಲಿನವರು ‘ಅಬ್ಬಿ’ ಎನ್ನುವರು. ಬಂಡಾಜೆಯ ಅರ್ಬಿಯೂ ಮಡಿಕೇರಿಯ ಅಬ್ಬಿಯೂ ಒಂದೇ ಮಾತಿನ ಎರಡು ಉಚ್ಚಾರಗಳೆಂದು ಕಿವಿಯೇ ಹೇಳುವುದು. ಈ ಎಳೆಗಳಲ್ಲಿ ಹಲವು ಕೂಡಿ ಮೃತ್ಯುಂಜಯ ಹೊಳೆಯಾಗಿ ಕೆಳಗಿಳಿದು ನೇತ್ರಾವತಿಯನ್ನು ಸೇರುವುವು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಮರಳುವವರು, ತಾವು ದಾಟಿ ಬಂದುದು ತಮ್ಮ ಊರಿನ ನಲ್ಲಿಯ ಮೂಲವನ್ನೇ ಎಂಬುದನ್ನು ಒಂದು ಕ್ಷಣ ನೆನೆದರೆ ಸಾಕು.

ರೈಲಿನಲ್ಲಿ ಹೋಗುವವರಿಗೆ ಇನ್ನೊಂದು ಕಣಿವೆಯು ಕಾದಿರುವುದು. ಸುಬ್ರಹ್ಮಣ್ಯ ರಸ್ತೆಯಿಂದ ಸಕಲೇಶಪುರದವರೆಗಿನ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗಗಳೂ 109 ಸೇತುವೆಗಳೂ ಇರುವುವು. 1979ರಲ್ಲಿ ಕಿರುಹಳಿಯಾಗಿ ತೆರೆದ ಈ ದಾರಿಯು ಅಗಲಹಳಿಯಾಗಿ ಮಾರ್ಪಟ್ಟು 2007ರ ಕೊನೆಯಲ್ಲಿ ಮತ್ತೆ ಪ್ರಯಾಣಿಕರಿಗೆ ದೊರಕಿತು. 2021ರಲ್ಲಿ ಗಾಜಿನ ಮಾಡಿನ ಗಾಡಿಗಳನ್ನೂ ಜೋಡಿಸಿದರು. ಒಂದು ಸುರಂಗದ ಕತ್ತಲೆಯಿಂದ ಹೊರಬಿದ್ದು ಮತ್ತೊಂದಕ್ಕೆ ನುಗ್ಗುವ ನಡುವಿನ ಅರೆನಿಮಿಷದಲ್ಲಿ ಆಳದ ಕಾಡೂ ಅದರ ತಳದ ಬಿಳಿಯ ಹೊಳೆಯೂ ಮಿಂಚಿ ಮರೆಯಾಗುವ ಆ ನೋಟವನ್ನು ಕಂಡವರು ಮರೆಯಲಾರರು. ಹಳಿಯ ಮೇಲೆ ನಡೆದುಕೊಂಡು ಹೋಗುವ ಸಾಹಸವು ಕೆಲವು ತರುಣರಲ್ಲಿ ಇತ್ತೀಚೆಗೆ ಬಳಕೆಗೆ ಬಂದಿದೆ. ಅದು ಕಾನೂನಿಗೂ ವಿರುದ್ಧ, ಪ್ರಾಣಕ್ಕೂ ಅಪಾಯ. ಸುರಂಗದ ನಡುವೆ ಗಾಡಿಯು ಎದುರಾದರೆ ಪಕ್ಕಕ್ಕೆ ಸರಿಯಲು ಜಾಗವೆಲ್ಲಿದೆ?

ಬಡಗಣಕ್ಕೆ ಹೋದರೆ ಆಗುಂಬೆ. ಅಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆಯಾಗುವುದು. ಸೂರ್ಯಾಸ್ತವನ್ನು ನೋಡಲು ಅಲ್ಲಿ ನೆರೆಯುವವರು ಬಹಳ. ಆದರೆ ಸೀತಾನದಿಯು ಬರ್ಕಣದಲ್ಲಿ ಧುಮುಕಿ ಕೊರೆದ ಆಳವಾದ ಕಣಿವೆಯನ್ನು ಬಲ್ಲವರು ವಿರಳ. ಆಗುಂಬೆಯ ಏಣಿನ ಪಡುವಣಕ್ಕೆ ಬಿದ್ದ ಹನಿಯು ಸೀತೆಯ ಕೂಡ ಬೇಗನೆ ಅರಬ್ಬೀ ಸಮುದ್ರವನ್ನು ಕಾಣುವುದು. ಮೂಡಣಕ್ಕೆ ಬಿದ್ದುದು ತುಂಗೆಯನ್ನು ಕೂಡಿ ಕೃಷ್ಣೆಯೊಂದಿಗೆ ನಾಡನ್ನೆಲ್ಲ ಸುತ್ತಿ ಬಂಗಾಳ ಕೊಲ್ಲಿಗೆ ಹೋಗುವುದು. ಭೂಗೋಳದ ಪಾಠವನ್ನು ಮಕ್ಕಳಿಗೆ ಕಲಿಸಲು ಇದಕ್ಕಿಂತ ಒಳ್ಳೆಯ ಶಾಲೆ ಯಾವುದು?

ಜೋಗದ ಮಾತನ್ನು ಮೇಲೆ ಎತ್ತಿದೆವು. ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಧಾರೆಗಳು 253 ಮೀಟರು ಆಳಕ್ಕೆ ಬೀಳುವ ಆ ಕಮರಿಯನ್ನು ಲೋಕವೇ ಬಲ್ಲುದು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದ ಮೇಲೆ ಶರಾವತಿಯ ನೀರು ವಿದ್ಯುಚ್ಛಕ್ತಿಗೆ ಮೀಸಲಾಯಿತು. ಮಳೆಗಾಲ ಕಳೆದರೆ ಧಾರೆಗಳು ಸಣಕಲಾಗಿ, ಬೇಸಗೆಯಲ್ಲಿ ಹೋದವನಿಗೆ ಬರಿಯ ಬಂಡೆಯು ಕಾಣುವುದು. ನಾಡಿನ ಮನೆಗಳಲ್ಲಿ ದೀಪವು ಉರಿದುದು ಆ ನೀರಿನಿಂದ. ಅದಕ್ಕಾಗಿ ಮುಳುಗಡೆಯಾದ ಹಳ್ಳಿಗಳವರು ತೆತ್ತ ಬೆಲೆಯನ್ನೂ ಜೋಗಕ್ಕೆ ಹೋದವರು ನೆನೆಯಬೇಕು. ಬಡಗಣ ಕರ್ನಾಟಕದಲ್ಲಿ ಗೋಕಾಕದ ಬಳಿ ಘಟಪ್ರಭೆಯು ಮರಳುಗಲ್ಲನ್ನು ಕಡಿದು 52 ಮೀಟರು ಧುಮುಕುವುದು, ನವಿಲುತೀರ್ಥದಲ್ಲಿ ಮಲಪ್ರಭೆಯು ಬೆಟ್ಟವನ್ನು ಸೀಳಿ ಹಾಯುವುದು, ಮೇಕೆದಾಟಿನಲ್ಲಿ ಕಾವೇರಿಯು ಆಡೊಂದು ಹಾರಿ ದಾಟೀತೆಂಬಷ್ಟು ಇಕ್ಕಟ್ಟಿನ ಬಂಡೆಯಲ್ಲಿ ನುಸುಳುವುದು, ಇವೆಲ್ಲ ಹೆಸರಿನಲ್ಲಿಯೇ ಚಿತ್ರವಿರುವ ಸ್ಥಳಗಳು. ತಮಿಳುನಾಡಿನ ಗಡಿಯ ಹೊಗೇನಕಲ್ಲೂ ಹೊಗೆಯ ಕಲ್ಲೆಂದು ಕನ್ನಡದಲ್ಲಿಯೇ ಹೆಸರು ಹೇಳುವುದು. ಇವನ್ನು ಒಂದೊಂದಾಗಿ ವರ್ಣಿಸಲು ಇಲ್ಲಿ ಎಡೆಯಿಲ್ಲ. ಕನ್ನಡಿಗನು ಕಣಿವೆಗಳನ್ನು ನೋಡಲು ಕಡಲಾಚೆಗೆ ಹೋಗಬೇಕಾದುದಿಲ್ಲವೆಂಬುದಷ್ಟೇ ನಮ್ಮ ತಾತ್ಪರ್ಯ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಈ ಕಣಿವೆಗಳು ಬರಿಯ ನೋಟಕ್ಕಾಗಿ ಇರುವುವಲ್ಲ. ಮಂಗಳೂರು ನಗರವು ಕುಡಿಯುವುದು ತುಂಬೆಯ ಕಿಂಡಿ ಅಣೆಕಟ್ಟಿನಲ್ಲಿ ನಿಂತ ನೇತ್ರಾವತಿಯ ನೀರನ್ನು. ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು ಬರುವ ಆ ಹೊಳೆಯು ಚಾರ್ಮಾಡಿ, ಶಿರಾಡಿ, ಪುಷ್ಪಗಿರಿಗಳ ನೂರಾರು ತೊರೆಗಳ ಮೊತ್ತವಲ್ಲದೆ ಬೇರೆಯಲ್ಲ. ವರ್ಷಕ್ಕೆ ಮೂರು ಸಾವಿರದ ಐನೂರು ಮಿಲಿಮೀಟರಿಗೂ ಮಿಕ್ಕು ಮಳೆ ಸುರಿಯುವ ಈ ಊರಿನಲ್ಲಿ 2016ರ ಬೇಸಗೆಯಲ್ಲಿಯೂ 2019ರ ಬೇಸಗೆಯಲ್ಲಿಯೂ ನೀರನ್ನು ಅಳೆದು ಕೊಡಬೇಕಾಯಿತು. ಮಳೆಯು ಎಷ್ಟು ಬಿದ್ದರೇನು? ಅದನ್ನು ಹಿಡಿದಿಟ್ಟು ವೈಶಾಖದವರೆಗೆ ಸ್ವಲ್ಪಸ್ವಲ್ಪವಾಗಿ ಬಿಡುವುದು ಶೋಲೆಯ ಕಾಡಿನ ತರಗೆಲೆ, ಹುಲ್ಲಿನ ಬೇರು, ಅವುಗಳ ಕೆಳಗಿನ ಮಣ್ಣು. ಈ ಹಂಡೆಗೆ ತೂತು ಬಿದ್ದರೆ ಮಳೆಗಾಲದಲ್ಲಿ ನೆರೆ, ಬೇಸಗೆಯಲ್ಲಿ ಬರಗಾಲ. ಇವೆರಡೂ ಒಂದೇ ರೋಗದ ಎರಡು ಮುಖಗಳು.

ತೂತುಗಳು ಬೀಳುತ್ತಿರುವುದಕ್ಕೆ ಸಾಕ್ಷಿಯನ್ನು ಹುಡುಕಬೇಕಾದುದಿಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜರಿದು ಜೋಡುಪಾಲದ ಮನೆಗಳು ಮಣ್ಣಿನಡಿಗೆ ಸಿಲುಕಿದುವು. ಮಡಿಕೇರಿ–ಸಂಪಾಜೆಯ ದಾರಿಯು ಕಡಿದುಹೋಯಿತು. 2019ರ ಆಗಸ್ಟಿನಲ್ಲಿ ಚಾರ್ಮಾಡಿಯ ಘಟ್ಟವು ಹಲವೆಡೆ ಜರಿದು ತಿಂಗಳುಗಟ್ಟಲೆ ಸಂಚಾರವು ನಿಂತಿತು. ಮೃತ್ಯುಂಜಯ ಹೊಳೆಯು ಉಕ್ಕಿ ತೋಟಗಳ ಮೇಲೆ ಮರಳನ್ನೂ ಮರದ ದಿಮ್ಮಿಗಳನ್ನೂ ಹೇರಿತು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡವು ಕುಸಿದು ಜನರನ್ನು ಗಂಗಾವಳಿಗೆ ತಳ್ಳಿತು. ಅದೇ ತಿಂಗಳಿನಲ್ಲಿ ಎಡಕುಮರಿಯ ಬಳಿ ಹಳಿಯ ಅಡಿಯ ಮಣ್ಣು ಜಾರಿ ಗಾಡಿಗಳು ನಿಂತುವು. ಒಂದೆರಡು ದಿನಗಳಲ್ಲಿ ಒಂದು ತಿಂಗಳ ಮಳೆಯು ಸುರಿದರೆ ಗುಡ್ಡವು ಜರಿಯುವುದು ಸಹಜವೆನ್ನುವರು. ಆದರೆ ಗಟ್ಟಿ ಬಂಡೆಯ ಮೇಲೆ ಕೂತ ಮೆದು ಮಣ್ಣು ನೀರು ಕುಡಿದು ಭಾರವಾದಾಗ, ಅದರ ಬುಡವನ್ನು ರಸ್ತೆಗೋ ಮನೆಗೋ ನೆಟ್ಟಗೆ ಕಡಿದಿದ್ದರೆ, ಮೇಲಿನ ತೊರೆಯ ಹಾದಿಯನ್ನು ಮುಚ್ಚಿದ್ದರೆ, ಬೇರು ಹಿಡಿದಿದ್ದ ಮರಗಳನ್ನು ತೆಗೆದಿದ್ದರೆ, ಅದು ಯಾವ ಆಧಾರದಿಂದ ನಿಲ್ಲಬೇಕು? ಮಳೆಯು ನಿಮಿತ್ತಮಾತ್ರ, ಕಾರಣದಲ್ಲಿ ಮನುಷ್ಯನ ಪಾಲೂ ಇದೆ.

ಇಲ್ಲಿಯೇ ಪ್ರವಾಸಿಯ ಹೊಣೆಯು ಆರಂಭವಾಗುವುದು. ನ್ಯಾಯಸ್ಥಾನದ ಕಟ್ಟೆಯನ್ನು ಬಲ್ಲ ನಾವು ಒಂದು ಮಾತನ್ನು ಖಂಡಿತವಾಗಿ ಹೇಳಬಲ್ಲೆವು: ಸಾಕ್ಷಿಯಿಲ್ಲದ ಪಕ್ಷವು ಎಷ್ಟು ನ್ಯಾಯವಾದುದಾದರೂ ಸೋಲುವುದು. ಬೆಟ್ಟವು ಬಾಯಿ ಬಿಟ್ಟು ಹೇಳಲಾರದು. ಅದರ ಪರವಾಗಿ ಹೇಳಬೇಕಾದವನು ಅದನ್ನು ಕಂಡವನು. ಕುದುರೆಮುಖದ ದೃಷ್ಟಾಂತವು ನಮ್ಮ ಕಣ್ಣಮುಂದೆಯೇ ಇರುವುದು. 1976ರಲ್ಲಿ ಸ್ಥಾಪಿತವಾದ ಕುದುರೆಮುಖ ಕಬ್ಬಿಣದ ಅದಿರು ಕಂಪೆನಿಯು ಭದ್ರೆಯ ಮೂಲದ ಬೆಟ್ಟಗಳನ್ನು ಅಗೆದು, ಅದಿರನ್ನು ನೀರಿನಲ್ಲಿ ಕಲಸಿ, 67 ಕಿಲೋಮೀಟರು ಉದ್ದದ ಕೊಳವೆಯಲ್ಲಿ ನಮ್ಮ ಪಣಂಬೂರಿಗೆ ಇಳಿಸುತ್ತಿತ್ತು. 1987ರಲ್ಲಿ ಆ ಕಾಡು ರಾಷ್ಟ್ರೀಯ ಉದ್ಯಾನವಾಯಿತು, ಅಗೆತವು ನಿಲ್ಲಲಿಲ್ಲ. ಮಳೆಗಾಲದಲ್ಲಿ ಭದ್ರೆಯಲ್ಲಿ ಹರಿಯುವ ಹೂಳನ್ನು ಕಣಿವೆಗಳಲ್ಲಿ ಅಲೆದವರು ಕಂಡರು, ಅಳೆದರು, ಬರೆದಿಟ್ಟರು. ಅರಣ್ಯ ಇಲಾಖೆಯಲ್ಲಿ ಸೇವೆ ಸಲ್ಲಿಸಿ ನಿವೃತ್ತರಾಗಿದ್ದ ಕೆ. ಎಂ. ಚಿಣ್ಣಪ್ಪನವರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 2002ರ ಅಕ್ಟೋಬರ್ 30ರಂದು ತೀರ್ಪು ಕೊಟ್ಟು, 2005ರ ಕೊನೆಗೆ ಗಣಿಯು ಮುಚ್ಚಬೇಕೆಂದು ವಿಧಿಸಿತು, ಅದರಂತೆ ಮುಚ್ಚಿತು. ಕೆಲಸ ಕಳೆದುಕೊಂಡು ಆ ಊರನ್ನು ಬಿಟ್ಟವರ ಸಂಕಟವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಭದ್ರೆಯ ದಡದ ಲಕ್ಷಾಂತರ ರೈತರ ಪಕ್ಷವು ಗೆದ್ದುದು ಕಾಲ್ನಡಿಗೆಯಿಂದ ಕಾಡನ್ನು ಬಲ್ಲ ಕೆಲವರ ಸಾಕ್ಷ್ಯದಿಂದ ಎಂಬುದನ್ನು ಮರೆಯಲಾಗದು. ಅವರೂ ಕಣಿವೆಗಳನ್ನು ನೋಡಲು ಹೋದವರೇ. ನೋಡಿದುದನ್ನು ಬಂದು ಹೇಳಿದರೆಂಬುದೇ ಅವರಿಗೂ ಉಳಿದ ಪ್ರವಾಸಿಗಳಿಗೂ ಇರುವ ಅಂತರ.

ನಮ್ಮ ಈ ವಾದಕ್ಕೆ ಬರಬಹುದಾದ ಆಕ್ಷೇಪಗಳನ್ನು ಪರಿಶೀಲಿಸೋಣ. ಪ್ರವಾಸಿಗಳಿಂದಲೇ ಘಟ್ಟದ ಬಡಜನರ ಜೀವನವು ನಡೆಯುತ್ತಿರುವಾಗ ಅವರನ್ನು ತಡೆಯುವುದು ಸರಿಯೇ ಎಂದು ಕೆಲವರು ಕೇಳಬಹುದು. ತಡೆಯಿರೆಂದು ಹೇಳುವವರು ಯಾರು? ಹೆಚ್ಚು ದಿನ ಉಳಿಯಿರಿ, ಹಳ್ಳಿಯ ಮನೆಗಳಲ್ಲಿ ಉಣ್ಣಿರಿ, ಅಲ್ಲಿಯ ತರುಣರನ್ನು ದಾರಿ ತೋರಿಸಲು ಕರೆದುಕೊಂಡು ಅವರಿಗೆ ಯೋಗ್ಯ ಕೂಲಿ ಕೊಡಿರಿ, ಇದು ನಮ್ಮ ಮಾತು. ಬೆಳಿಗ್ಗೆ ಬಂದು ಸಂಜೆಗೆ ಕಸವನ್ನು ಬಿಟ್ಟು ಹೋಗುವ ಸಾವಿರ ವಾಹನಗಳಿಂದ ಘಟ್ಟದವರಿಗೆ ದೊರೆಯುವುದು ಹೊಗೆ. 2024ರ ಜನವರಿಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಜಾತ್ರೆಯಂತೆ ಜನ ನೆರೆದ ಚಿತ್ರಗಳನ್ನು ಕಂಡು ನಾಡೇ ಬೆರಗಾಯಿತು. ಅರಣ್ಯ ಇಲಾಖೆಯು ಚಾರಣವನ್ನು ನಿಲ್ಲಿಸಿ, ಆ ವರ್ಷದ ಅಕ್ಟೋಬರಿನಲ್ಲಿ ಮುಂಗಡವಾಗಿ ಹೆಸರು ನೋಂದಾಯಿಸುವ ಕ್ರಮವನ್ನೂ ಜನರ ಸಂಖ್ಯೆಗೆ ಮಿತಿಯನ್ನೂ ಜಾರಿಗೆ ತಂದಿತು. ಇದನ್ನು ನಾವು ಸ್ವಾಗತಿಸುತ್ತೇವೆ. ದೇವಸ್ಥಾನದ ಗರ್ಭಗುಡಿಗೆ ಎಲ್ಲರೂ ಒಮ್ಮೆಲೇ ನುಗ್ಗದಿರುವುದನ್ನು ಯಾರೂ ಅನ್ಯಾಯವೆನ್ನುವುದಿಲ್ಲ.

ರಸ್ತೆಗಳು ಬೇಡವೇ ಎಂಬುದು ಎರಡನೆಯ ಆಕ್ಷೇಪ. ಬೇಕು. ನಮ್ಮ ಬಂದರಿಗೂ ಬೇಕು, ಮೂಡಿಗೆರೆಯ ಗರ್ಭಿಣಿಗೂ ಬೇಕು. ಚಾರ್ಮಾಡಿಯು ಮುಚ್ಚಿದ ತಿಂಗಳುಗಳಲ್ಲಿ ರೋಗಿಗಳು ಪಟ್ಟ ಪಾಡನ್ನು ಮಂಗಳೂರು ಬಲ್ಲುದು. ಅದಕ್ಕಾಗಿಯೇ ನಾವು ಕೇಳುವುದು ನಿಲ್ಲುವ ರಸ್ತೆಯನ್ನು. ಭೂಗರ್ಭಶಾಸ್ತ್ರಜ್ಞರನ್ನು ಗುಡ್ಡವು ಜರಿದ ಮೇಲೆ ಕರೆಯುವ ಬದಲು ಕಡಿಯುವುದಕ್ಕೆ ಮುಂಚೆ ಕರೆದರೆ ಖರ್ಚೂ ಕಡಿಮೆ, ಕಣ್ಣೀರೂ ಕಡಿಮೆ.

ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮವಾದುದು. ಘಟ್ಟವನ್ನು ಕಾಯಬೇಕೆಂದರೆ ಅಲ್ಲಿ ತಲೆತಲಾಂತರದಿಂದ ಬಾಳಿದವರನ್ನು ಒಕ್ಕಲೆಬ್ಬಿಸುವಿರಾ ಎಂಬುದು ಘಟ್ಟದವರ ಭೀತಿ. 2011ರಲ್ಲಿ ಗಾಡ್ಗೀಳರ ಮಂಡಲಿಯ ವರದಿ ಬಂತು. 2013ರಲ್ಲಿ ಕಸ್ತೂರಿರಂಗನ್ ಸಮಿತಿಯದು ಬಂತು. 2024ರ ಜುಲೈಯಲ್ಲಿ ಕೇಂದ್ರ ಸರಕಾರವು ಆರನೆಯ ಸಲ ಹೊರಡಿಸಿದ ಕರಡು ಪ್ರಕಟನೆಯಲ್ಲಿ ಆರು ರಾಜ್ಯಗಳ 56,825 ಚದರ ಕಿಲೋಮೀಟರು ಸೂಕ್ಷ್ಮಪ್ರದೇಶವೆಂದು ಸೂಚಿತವಾಯಿತು. ಅದರಲ್ಲಿ ಕರ್ನಾಟಕದ ಪಾಲು 20,668. ಅದೇ ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯದ ಸಚಿವಮಂಡಲವು ಕಸ್ತೂರಿರಂಗನ್ ವರದಿಯನ್ನು ನಿರಾಕರಿಸಿತು. ಬೇಡವೆಂದು ಹೇಳುವ ಅಧಿಕಾರವು ಸರಕಾರಕ್ಕೆ ಇದೆ. ಬೇಡವಾದುದರ ಬದಲಿಗೆ ಏನು ಬೇಕೆಂದು ಹೇಳುವ ಹೊಣೆಯೂ ಇದೆ. ಆ ವರದಿಗಳ ಸಾರವನ್ನು ತಿಳಿಗನ್ನಡದಲ್ಲಿ ಅಚ್ಚು ಹಾಕಿಸಿ, ಪ್ರತಿಯೊಂದು ಗ್ರಾಮಸಭೆಯಲ್ಲಿಯೂ ಓದಿಸಿ, ಮಲೆಕುಡಿಯರಿಂದ ಮೊದಲ್ಗೊಂಡು ತೋಟಗಾರರವರೆಗೆ ಎಲ್ಲರ ಅಭಿಪ್ರಾಯವನ್ನು ಬರೆದುಕೊಳ್ಳಲಿ. ಕಾಡನ್ನು ಕಾದವರನ್ನೇ ಕಾಡಿನ ವೈರಿಗಳಂತೆ ಕಾಣುವ ಕಾನೂನೂ ಬಾಳದು. ಅವರ ಭೀತಿಯನ್ನು ಮುಂದಿಟ್ಟುಕೊಂಡು ಕಲ್ಲು ಮರಳಿನ ವ್ಯಾಪಾರಿಗಳು ನಡೆಸುವ ಹೋರಾಟವೂ ಬಾಳಬಾರದು.

ಪಶ್ಚಿಮಘಟ್ಟದ 39 ತಾಣಗಳನ್ನು ಯುನೆಸ್ಕೋ ಸಂಸ್ಥೆಯು 2012ರಲ್ಲಿ ಲೋಕದ ಆಸ್ತಿಯೆಂದು ಸಾರಿತು. ಅವುಗಳಲ್ಲಿ 10 ಕರ್ನಾಟಕದವು. ಲೋಕವೇ ಬೆಲೆಕಟ್ಟಿದ ವಸ್ತುವನ್ನು ಮನೆಯವರು ಹೇಗೆ ಕಾಣಬೇಕೆಂಬುದಕ್ಕೆ ನಾವು ಕೆಲವು ಸೂಚನೆಗಳನ್ನು ಕೊಡುವೆವು. ಮೊದಲನೆಯದಾಗಿ, ಉಜಿರೆ, ಕೊಟ್ಟಿಗೆಹಾರ, ಗುಂಡ್ಯ, ಸಂಪಾಜೆ, ಆಗುಂಬೆಗಳಲ್ಲಿ ಪ್ರವಾಸಿಗಳು ಇಳಿದು ನಿಲ್ಲಲು ಗೊತ್ತಾದ ಸ್ಥಳಗಳೂ, ಹೆಂಗಸರಿಗೆ ತಕ್ಕ ಶೌಚಗೃಹಗಳೂ, ಕಸವನ್ನು ಒಪ್ಪಿಸುವ ಏರ್ಪಾಡೂ ಆಗಬೇಕು. ತಿರುವುಗಳಲ್ಲಿ ಕಂಡಕಂಡಲ್ಲಿ ನಿಲ್ಲುವುದನ್ನು ತಡೆಯಬೇಕು. ಎರಡನೆಯದಾಗಿ, ದಾರಿಯು ದಾಟುವ ಪ್ರತಿಯೊಂದು ತೊರೆಯ ಬಳಿಯಲ್ಲಿಯೂ ಅದರ ಹೆಸರನ್ನೂ ಅದು ಸೇರುವ ಹೊಳೆಯನ್ನೂ ಕನ್ನಡದಲ್ಲಿ ಬರೆದ ಹಲಗೆಯನ್ನು ನಿಲ್ಲಿಸಬೇಕು. ಹೆಸರು ತಿಳಿಯದ ನೀರಿಗೆ ಕಸವೆಸೆಯಲು ಕೈ ಹೇಸುವುದಿಲ್ಲ. ಮೂರನೆಯದಾಗಿ, ಮಂಗಳೂರಿನ ಶಾಲೆ ಕಾಲೇಜುಗಳು ವರ್ಷಕ್ಕೊಮ್ಮೆ ವಿನೋದದ ಉದ್ಯಾನಗಳಿಗೆ ಮಕ್ಕಳನ್ನು ಕರೆದೊಯ್ಯುವ ಬದಲು, ತುಂಬೆಯಿಂದ ತೊಡಗಿ ಉಪ್ಪಿನಂಗಡಿಯ ಸಂಗಮ, ಮುಂಡಾಜೆ, ಚಾರ್ಮಾಡಿಯವರೆಗೆ ಹೊಳೆಯ ಜಾಡನ್ನು ಹಿಡಿದು ನಡೆಸಲಿ. ಪ್ರವಾಸಿಗಳಿಗೆ ನಮ್ಮ ಬಿನ್ನಹವು ಇನ್ನೂ ಸರಳ: ಮಳೆಯ ಭರದಲ್ಲಿ ಬಂಡೆಗಳನ್ನು ಏರಬೇಡಿರಿ, ಪಾಚಿಯು ಜಾಣನನ್ನೂ ಬಿಡದು. ಒಯ್ದುದನ್ನೆಲ್ಲ ಮರಳಿ ತನ್ನಿರಿ. ಕಳೆದ ವರ್ಷ ಕಂಡ ಹುಲ್ಲಿನ ಬೆನ್ನಿನಲ್ಲಿ ಈ ವರ್ಷ ಕೆಂಪು ಗಾಯವೊಂದು ಕಂಡರೆ, ಅದರ ಚಿತ್ರವನ್ನೂ ದಿನಾಂಕವನ್ನೂ ಸ್ಥಳವನ್ನೂ ಬರೆದು ತಹಶೀಲ್ದಾರರಿಗೂ ಅರಣ್ಯಾಧಿಕಾರಿಗಳಿಗೂ ತಿಳಿಸಿರಿ. ಮೊಬೈಲನ್ನು ಸ್ವಂತ ಮುಖದಿಂದ ಅತ್ತ ತಿರುಗಿಸಿದರೆ ಅದೂ ದೇಶಸೇವೆಯ ಸಾಧನವಾದೀತು.

ಕೊನೆಯದಾಗಿ ಇನ್ನೊಂದು ಕಣಿವೆಯ ಮಾತು. ಕೊಡಗಿನ ಬೆಟ್ಟಗಳಲ್ಲಿ ಹುಟ್ಟುವ ಪಯಸ್ವಿನಿಯು ಸಂಪಾಜೆ, ಸುಳ್ಯಗಳನ್ನು ದಾಟಿ ಕಾಸರಗೋಡಿನ ಸೀಮೆಯನ್ನು ಹೊಕ್ಕು, ಚಂದ್ರಗಿರಿಯೊಂದಿಗೆ ಕಡಲನ್ನು ಸೇರುವುದು. 1956ರ ಅದೇ ನವೆಂಬರ್ 1ರಂದು ನಾವು ಒಂದಾದಾಗ ಕಾಸರಗೋಡು ಕೇರಳಕ್ಕೆ ಹೋಯಿತು. ಆ ನೋವಿನ ನ್ಯಾಯಾನ್ಯಾಯಗಳನ್ನು ಇಲ್ಲಿ ಮತ್ತೆ ಎತ್ತುವುದಿಲ್ಲ. ಆದರೆ ಸಂಪಾಜೆಯಲ್ಲಿ ನಾವು ಎಸೆದ ಕಸವು ತೇಲಿ ಹೋಗಿ ತಲಪುವುದು ಅಲ್ಲಿಯ ಕನ್ನಡಿಗರ, ಮಲೆಯಾಳಿಗಳ, ತುಳುವರ ಅಂಗಳಕ್ಕೆ. ಮೇಲಣ ಕಾಡು ಉಳಿದರೆ ಎಲ್ಲರಿಗೂ ನೀರು. ಅಳಿದರೆ ಎಲ್ಲರಿಗೂ ಕೆಸರು. ನಕ್ಷೆಯು ಕೂಡಿಸದ ನೆರೆಹೊರೆಯನ್ನು ಹೊಳೆಯು ಇಂದಿಗೂ ಕೂಡಿಸಿ ಇಟ್ಟಿರುವುದು. ಆ ನೆಂಟಸ್ತಿಕೆಯನ್ನು ಕೆಡಿಸುವ ಅಧಿಕಾರವು ಮೇಲುಹೊಳೆಯವರಾದ ನಮಗೆ ಇಲ್ಲ.

ಆದುದರಿಂದ ವಾಚಕರೇ, ಈ ರಜೆಯಲ್ಲಿ ಅವಶ್ಯವಾಗಿ ಹೋಗಿರಿ. ಮುದುಕರನ್ನೂ ಮಕ್ಕಳನ್ನೂ ಕರೆದುಕೊಂಡು ಹೋಗಿರಿ. ತೊರೆಯ ಹೆಸರನ್ನು ಅಲ್ಲಿಯ ಅಜ್ಜನನ್ನೋ ಅಜ್ಜಿಯನ್ನೋ ಕೇಳಿ ತಿಳಿದುಕೊಳ್ಳಿರಿ. ಹಿರಿಯರು ಹೋರಾಡಿ ಒಂದುಗೂಡಿಸಿದ ನಾಡನ್ನು ಕೈಗೆ ಸಿಕ್ಕ ಹಾಗೆಯೇ ಮುಂದಿನವರಿಗೆ ಒಪ್ಪಿಸುವುದು ನಮ್ಮ ತಲೆಮಾರಿನ ಸಾಲ. ಆ ಸಾಲದ ಮೊದಲನೆಯ ಕಂತನ್ನು ಚಾರ್ಮಾಡಿಯ ತಿರುವಿನಲ್ಲಿ, ಪೊಟ್ಟಣವನ್ನು ಮರಳಿ ಚೀಲಕ್ಕೆ ಹಾಕಿಕೊಳ್ಳುವ ಕೈಯಿಂದಲೇ ಸಲ್ಲಿಸಬಹುದು.